ಟೈರಿನ ಆಯ್ಕೆಯೂ ಧರ್ಮವಿಚಾರವೂ

ಲೋಕದಲ್ಲಿ ಸರ್ವಗುಣಸಂಪನ್ನವಾದ ವಸ್ತುವಿಲ್ಲ. ಒಂದು ಗುಣವನ್ನು ಪಡೆಯಬೇಕಾದರೆ ಮತ್ತೊಂದನ್ನು ತೆರಲೇಬೇಕು. ಎಲ್ಲ ನೆಲಕ್ಕೂ ಒಗ್ಗುವುವೆಂದು ಹೆಸರಾದ ಆಲ್-ಟೆರೇನ್ ಟೈರುಗಳೇ ಇದಕ್ಕೆ ನಿದರ್ಶನ. ಬಿ.ಎಫ್. ಗುಡ್ರಿಚ್ ಕಂಪೆನಿಯು 1976ರಲ್ಲಿ ಈ ಹೆಸರಿನ ಟೈರನ್ನು ಹೊರತಂದಿತು. ಇಂದು ಇವುಗಳಲ್ಲಿ ಸೌಮ್ಯವೂ ಉಗ್ರವೂ ಆದ ಬಗೆಗಳುಂಟು.

ಉಗ್ರವಾದುದರಲ್ಲಿ ರಬ್ಬರಿನ ಉಬ್ಬುಗಳ ನಡುವಣ ಸಂದು ಅಗಲ. ಕೆಸರು ಅಲ್ಲಿಂದ ಚಿಮ್ಮಿಹೋಗಿ ಚಕ್ರಕ್ಕೆ ಹಿಡಿತವು ದೊರೆಯುವುದು. ಡಾಂಬರು ರಸ್ತೆಯಲ್ಲಾದರೋ ಅದೇ ಟೈರು ಗದ್ದಲಮಾಡುವುದು, ಇಂಧನವನ್ನು ಹೆಚ್ಚಾಗಿ ನುಂಗುವುದು, ನೆಲವು ನೆನೆದಾಗ ಬ್ರೇಕು ಒತ್ತಿದರೂ ಸಾಮಾನ್ಯವಾಗಿ ತುಸು ಮುಂದೆ ಸರಿದು ನಿಲ್ಲುವುದು.

ಕಾಡಿನ ದಾರಿಯಲ್ಲೇ ನಿತ್ಯವೂ ಸಂಚರಿಸುವ ತೋಟಗಾರನಿಗೆ ಇದು ಯುಕ್ತವಾದೀತು. ಆದರೆ ವರ್ಷಕ್ಕೊಮ್ಮೆ ಬೆಟ್ಟವೇರುವ ನಗರವಾಸಿಯು ಇದನ್ನೇ ಬಯಸಿದರೆ, ಅವನು ತನ್ನ ಕನಸಿಗೆ ಟೈರು ತೊಡಿಸಿದಂತಾಯಿತು. ಗದ್ದಲವನ್ನೂ ವೆಚ್ಚವನ್ನೂ ಅವನೇ ಸಹಿಸುವನು, ಸರಿ. ಮಳೆಯಲ್ಲಿ ರಸ್ತೆ ದಾಟುವ ಬಾಲಕನು ಆ ಕನಸಿನಲ್ಲಿ ಪಾಲುಗಾರನೇನು? ಗಾಡಿಯು ಮುಂದೆ ಸರಿಯುವ ಆ ತುಸು ದೂರದ ಬೆಲೆಯನ್ನು ತೆರಬೇಕಾದವನು ಅವನೇ.

ತಾನು ದಿನವೂ ನಡೆವ ದಾರಿಯನ್ನು ನೆನೆದು ಆರಿಸುವುದು ವಿವೇಕ. ಆ ದಾರಿಯಲ್ಲಿ ನಡೆವ ಇತರರನ್ನೂ ನೆನೆಯುವುದು ಧರ್ಮ.