ಕುಂದಾಪ್ರದ ಇನ್ನೊಂದು ಮಾತು

ಕುಂದಾಪುರದ ಶನಿವಾರ ಸಂತೆಯಲ್ಲಿ ಬಿದಿರಿನ, ಕಾಡುಬೀಳಿನ ಹೆಡಿಗೆ ಮಾರುವ ಕೊರಗ ಹೆಂಗಸರ ಹತ್ತಿರ ಚೌಕಾಸಿಗೆ ನಿಂತವರು ತುಸು ಕಿವಿಗೊಟ್ಟು ನೋಡಬೇಕು. "ಇದ್ಕ್ ಎಷ್ಟ್ ಮಾರಾಯ್ತಿ?" ಎಂದರೆ ಉತ್ತರ ಬರುವುದು ಅಪ್ಪಟ ಕುಂದಗನ್ನಡದಲ್ಲಿ. ಅವರೇ ಪಕ್ಕದಲ್ಲಿ ಕುಳಿತವರ ಕಡೆ ತಿರುಗಿ ಮೆಲ್ಲಗೆ ಏನಾದರೂ ಹೇಳಿಕೊಂಡರೆ ನಮಗೆ ಒಂದಕ್ಷರ ತಿಳಿಯದು. ಅದು ಕನ್ನಡವಲ್ಲ, ತುಳುವೂ ಅಲ್ಲ; ಕೊರಗ ಭಾಷೆ.

ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಇದನ್ನು ಕುರಿತು 1971ರಷ್ಟು ಹಿಂದೆಯೇ ಪುಸ್ತಕ ಬರೆದರು. ಒಂಟಿ, ತಪ್ಪು, ಮುಡು ಎಂಬ ಒಳನುಡಿಗಳಲ್ಲಿ ಮುಡು ನಮ್ಮ ಕುಂದಾಪುರ ಸೀಮೆಯದು. ಜಾರ್ಖಂಡದ ಕುಡುಖ್, ಬಲೂಚಿಸ್ತಾನದ ಬ್ರಾಹುಯಿ ಇರುವ ಉತ್ತರ ದ್ರಾವಿಡ ಬಳಗದ ಜತೆ ಈ ಭಾಷೆಗೆ ನಂಟಿದೆ ಎಂದು ಭಟ್ಟರು ವಾದಿಸಿದ್ದರು. ಅಂಥ ಭಾಷೆ ಬೈಂದೂರು, ಬ್ರಹ್ಮಾವರದ ಕೊರಗ ಕಾಲೊನಿಗಳ ಬೇಲಿ ದಾಟಿ ಕೇಳಿಸುವುದೇ ಅಪರೂಪ. ನಾಚಿಕೆ ಸ್ವಭಾವದ ಜನ ಎಂದು ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ಆದರೆ ಕೊರಗರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವ ಅಜಲು ಪದ್ಧತಿ ನಿಲ್ಲಿಸಲು ಈ ನಾಡಿಗೆ 2000ದಲ್ಲಿ ಒಂದು ಕಾಯ್ದೆಯೇ ಬೇಕಾಯಿತು. ಡೋಲು ಬಡಿಯಲು ಕರೆದು ಅಂಗಳದಾಚೆ ನಿಲ್ಲಿಸಿದವರ ಮುಂದೆ ಯಾರು ತಾನೇ ಮನೆಮಾತು ಆಡಿಯಾರು?

ಉತ್ತರ ಅಮೆರಿಕದ ಮೂಲನಿವಾಸಿಗಳಾದ ಕಯೂಗ ಜನರ ಕತೆ ಇದಕ್ಕಿಂತ ಬೇರೆಯಲ್ಲ. 1779ರಲ್ಲಿ ಅಮೆರಿಕದ ಸೇನೆ ನ್ಯೂಯಾರ್ಕ್ ಸೀಮೆಯ ಅವರ ಊರುಗಳನ್ನು ಸುಟ್ಟುಹಾಕಿತು. ಕೆನಡಾದ ಗ್ರ್ಯಾಂಡ್ ನದಿ ದಂಡೆಗೆ ಹೋಗಿ ನೆಲೆಸಿದರೆ, ಅಲ್ಲಿನ ವಸತಿ ಶಾಲೆಗಳಲ್ಲಿ ಮನೆಮಾತು ಆಡಿದ ಮಕ್ಕಳಿಗೆ ಶಿಕ್ಷೆ. ಈಗ ಹುಟ್ಟಿನಿಂದ ಕಯೂಗ ಆಡಿ ಬೆಳೆದವರು ನೂರರೊಳಗೆ. ಹಾಗೆಂದು ಅವರು ಕೈಚೆಲ್ಲಲಿಲ್ಲ. ಕಯೂಗದಲ್ಲೇ ಪಾಠ ಹೇಳುವ ಶಾಲೆಯನ್ನು 1980ರ ದಶಕದಲ್ಲಿ ತೆರೆದರು. 2002ರಲ್ಲಿ ನಿಘಂಟೂ ಬಂತು.

ಇತ್ತ ನಮ್ಮಲ್ಲಿ, 2011ರ ಜನಗಣತಿಯಂತೆ ಕರ್ನಾಟಕದ ಕೊರಗರು 14,794. ಇವರೆಲ್ಲ ಕೊರಗ ಭಾಷೆ ಆಡುವವರಲ್ಲ, ಎಷ್ಟೋ ಮನೆಗಳು ತುಳುವಿಗೆ ಹೊರಳಿಯಾಗಿದೆ. ಅಂಗನವಾಡಿಯಲ್ಲೂ ಆಶ್ರಮ ಶಾಲೆಯಲ್ಲೂ ಮಕ್ಕಳಿಗೆ ಕಲಿಸುವುದು ಕನ್ನಡವನ್ನು. ಕಲಿಸುವಷ್ಟು ಓದಿದವರು ಅವರಲ್ಲಿ ಎಲ್ಲಿದ್ದಾರೆ ಎಂಬ ನೆಪವೂ ಈಗ ನಡೆಯದು: ಕೊರಗ ಸಮುದಾಯದವರೇ ಆದ ಗುಂಡ್ಮಿಯ ಡಾ. ಸಬಿತಾ ಅವರು ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದ ಪಾಠ ಮಾಡಿದವರು.

ಆಸಾಡಿ ಅಮಾಸಿಗೆ ನಾವು ವಿಶ್ವ ಕುಂದಾಪ್ರ ಕನ್ನಡ ದಿನ ಆಚರಿಸುತ್ತೇವೆ. ಪೇಟೆಯವರು ಕೇಳಿ ನಗುತ್ತಿದ್ದ ನಮ್ಮ ಮಾತನ್ನು ಎದೆಯುಬ್ಬಿಸಿ ಆಡುವ ಧೈರ್ಯ ನಮಗೂ ಬಂದದ್ದು ಈಚೆಗೇ ಅಲ್ಲವೇ? ನಕ್ಕರೆ ಹೇಗಿರುತ್ತದೆ ಎಂದು ಬಲ್ಲ ನಾವು, ಇದೇ ಮಣ್ಣಿನ ಇನ್ನೊಂದು ಮಾತಿಗೆ ಕಿವುಡಾಗಿರುವುದು ಸರಿಯಲ್ಲ. ಹಾಗಂತ ಕೊರಗರಿಗೆ ಡೋಲು ಹಿಡಿಸಿ ಮೆರವಣಿಗೆಯ ಮುಂದೆ ನಡೆಸುವುದು ಬೇಡ, ಅದು ಬೇಕಾದಷ್ಟು ಆಗಿದೆ. ಹಬ್ಬದ ಖರ್ಚಿನಲ್ಲಿ ಒಂದು ಪಾಲು ತೆಗೆದಿಟ್ಟು ಅವರ ಹಿರಿಯರ ಕತೆ, ಹಾಡು, ಗಿಡಮದ್ದಿನ ಹೆಸರುಗಳನ್ನು ಅವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಿಸಿ. ಆ ಕೆಲಸವನ್ನು ಅದೇ ಸಮುದಾಯದ ಓದಿದ ಹುಡುಗ ಹುಡುಗಿಯರಿಗೆ ಸರಿಯಾದ ಸಂಬಳ ಕೊಟ್ಟು ಒಪ್ಪಿಸಿ.