ಪಂಜರ ತಂದವರ ಪಾಲು

ದೇವಣಿ ಎತ್ತಿಗೆ ಕೊಂಬಿನ ಕ್ಯಾನ್ಸರ್ ಆದರೆ ಬಸವಕಲ್ಯಾಣದ ಸುತ್ತಿನ ರೈತ ಕೇಳುವುದು ಒಂದೇ: ಕೊಂಬು ಕೊಯ್ದರೆ ಎತ್ತು ಮತ್ತೆ ನೊಗಕ್ಕೆ ಬಂದೀತೇ? ಲೆಕ್ಕ ಒರಟು, ಆದರೆ ಪ್ರಾಮಾಣಿಕ. ಅದೇ ಊರಿನಲ್ಲಿ ಮಕ್ಕಳ ಹಟಕ್ಕೆ ಹೈದರಾಬಾದಿನಿಂದ ತಂದ ಹ್ಯಾಮ್‌ಸ್ಟರ್‌ಗೆ ಎರಡು ವರ್ಷ ತುಂಬಿ, ಹೊಟ್ಟೆಯ ಮಗ್ಗುಲಲ್ಲಿ ಕಡಲೆಕಾಳಿನಷ್ಟು ಗಡ್ಡೆ ಕೈಗೆ ಹತ್ತಿದರೆ ಆ ಲೆಕ್ಕ ನಡೆಯುವುದಿಲ್ಲ. ಅದು ಯಾವ ಕೆಲಸಕ್ಕೂ ಬಾರದ ಜೀವ.

"ಇಲಿಗ್ಯಾಕ್ರೀ ಆಪರೇಷನ್? ಇನ್ನೊಂದು ತಂದ್ರಾಯ್ತು" ಎನ್ನುತ್ತಾರೆ ನೆರೆಯವರು. "ಎಷ್ಟಾದ್ರೂ ಆಗ್ಲಿ, ಉಳಿಸ್ರಿ" ಎನ್ನುತ್ತಾರೆ ಮನೆಯವರು. ಮೊದಲನೆಯದು ನಿರ್ದಯೆ, ಎರಡನೆಯದು ದಯೆ ಎಂದು ಒಪ್ಪಲು ನಾನು ತಯಾರಿಲ್ಲ. ಒಂದು ಮಾತು ನಮ್ಮ ಕಿಸೆಯದು, ಇನ್ನೊಂದು ನಮ್ಮ ದುಃಖದ್ದು. ಪ್ರಾಣಿಯ ಮಾತು ಎರಡರಲ್ಲೂ ಇಲ್ಲ.

ಅದರ ಕಾಲಮಾನದಿಂದ ಲೆಕ್ಕ ಹಾಕಿ ನೋಡಿ. ಹ್ಯಾಮ್‌ಸ್ಟರ್ ಬದುಕುವುದು ಎರಡು–ಮೂರು ವರ್ಷ. ಅದರ ಒಂದು ತಿಂಗಳು ನಮ್ಮ ಎರಡು ವರ್ಷಕ್ಕೂ ಮಿಕ್ಕಿದ್ದು. "ಹೇಗೂ ಸಾಯುತ್ತೆ" ಎಂದು ಕೈಬಿಡುವ ಒಂದು ತಿಂಗಳು ಹಾಗಾಗಿ ಸಣ್ಣದಲ್ಲ. ಆದರೆ ಹೊಲಿಗೆಯ ನೋವಿನಲ್ಲಿ ಮುದುಡಿ ಕಳೆಯುವ ಹದಿನೈದು ದಿನವೂ ನಮ್ಮ ಒಂದು ವರ್ಷದಷ್ಟು. ಚರ್ಮದಡಿ ಅಲುಗಾಡುವ ಸಣ್ಣ ಗಡ್ಡೆ, ಇನ್ನೂ ರಾತ್ರಿಯೆಲ್ಲ ಚಕ್ರ ತುಳಿಯುವ ಪ್ರಾಣಿ ಎಂದರೆ ಕೊಯ್ಯಿಸುವುದರಲ್ಲಿ ಅರ್ಥವಿದೆ. ತೂಕ ಇಳಿದ ಮುದಿಜೀವದ ಹೊಟ್ಟೆಯೊಳಗಿನ ಗಡ್ಡೆಯಾದರೆ ನೋವಿನ ಔಷಧಿ, ಮೆತ್ತನೆಯ ಹಾಸು, ಬಾಯಿಗೆ ಎಟಕುವ ನೀರು ಸಾಕು ಎಂದು ನನ್ನ ಎಣಿಕೆ. ನೂರು–ನೂರೈವತ್ತು ಗ್ರಾಂ ಮೈಗೆ ಅರಿವಳಿಕೆಯೇ ದೊಡ್ಡ ಗಂಡಾಂತರ.

ಇದನ್ನು ತೀರ್ಮಾನಿಸುವ ಮೊದಲು ಕೈಯಿಂದ ಮುಟ್ಟಿ ನೋಡಬೇಕು. ಸೊಂಟದ ಎರಡೂ ಪಕ್ಕ ಸಮನಾಗಿ ಕಪ್ಪಗೆ ಉಬ್ಬಿದ್ದರೆ ಅದು ವಾಸನೆಯ ಗ್ರಂಥಿ, ರೋಗವಲ್ಲ. ಗಂಡಿನಲ್ಲಿ ಎದ್ದು ಕಾಣುತ್ತದೆ. ಕೆನ್ನೆಯ ಚೀಲ ಖಾಲಿಯಾಗದೆ ಒಂದೇ ಕಡೆ ಊದಿದ್ದರೆ ಒಳಗೆ ಕಾಳು ಸಿಕ್ಕಿರಬಹುದು, ಕೀವಾಗಿರಬಹುದು. ನೋವನ್ನು ಮುಚ್ಚಿಡುವ ಪ್ರಾಣಿ ಅದು, ಹದ್ದು–ಹಾವಿಗೆ ಆಹಾರವಾಗುವ ಕುಲದ್ದು. ಕಾಳು ಕೂಡಿಡುವುದನ್ನು ಬಿಟ್ಟಿತೆಂದರೆ, ತುಪ್ಪಳ ಕೆದರಿ ಬೆನ್ನು ಗೂನಾಯಿತೆಂದರೆ ತಡವಾಗಿದೆ. ದಯೆಯ ಮಾತಿಗೆ ಕಲ್ಯಾಣದಲ್ಲಿ ಎಂದೂ ಬರವಿಲ್ಲ; ವಾರಕ್ಕೊಮ್ಮೆ ಪ್ರಾಣಿಯನ್ನು ತಕ್ಕಡಿಗಿಡುವವರು ಎಷ್ಟು ಜನ?

ಇನ್ನು ಉಳಿದದ್ದು ನೋವು ತಡೆಯದ ಪ್ರಾಣಿಗೆ ಸಾವು ಕೊಡಿಸುವ ಮಾತು, ಅದಕ್ಕಿರುವ ಎಲ್ಲಕ್ಕಿಂತ ಬಿಗಿಯಾದ ಆಕ್ಷೇಪ. ಉಪವಾಸದಿಂದ ದೇಹ ಬಿಡುವ ಸಲ್ಲೇಖನ ವ್ರತ ಹಿಡಿದವರು ಸಾವನ್ನು ತಾವೇ ಆರಿಸಿಕೊಳ್ಳುತ್ತಾರೆ. ಬಾಯಿಲ್ಲದ ಪ್ರಾಣಿಯ ಪರವಾಗಿ ಆರಿಸಲು ನಾವು ಯಾರು? 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಗುಣವಾಗದೆ ಒದ್ದಾಡುತ್ತಿದ್ದ ಕರುವಿಗೆ ಗಾಂಧಿ ಚುಚ್ಚುಮದ್ದಿನಿಂದ ಸಾವು ಕೊಡಿಸಿದಾಗ ಸಿಟ್ಟಿನ ಪತ್ರಗಳು ಹರಿದುಬಂದವು. ಆಕ್ಷೇಪ ಹಗುರವಾದದ್ದಲ್ಲ. ಆದರೆ ಮನೆಗಳಲ್ಲಿರುವ ಹೊಂಬಣ್ಣದ ಹ್ಯಾಮ್‌ಸ್ಟರ್‌ಗಳು ಬಹುಪಾಲು 1930ರಲ್ಲಿ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಸಿರಿಯಾದ ಅಲೆಪ್ಪೊ ಬಳಿ ಬಿಲದಿಂದ ಅಗೆಸಿ ತೆಗೆದ ಒಂದೇ ಸೂಲಿನ ಮರಿಗಳ ಸಂತತಿ. ಅವುಗಳ ಅನ್ನ, ಬೆಳಕು, ಸಂಗಾತಿ, ಕೊನೆಗೆ ಹುಟ್ಟು ಕೂಡ ಮನುಷ್ಯರದೇ ತೀರ್ಮಾನ. ಅಷ್ಟೆಲ್ಲ ತೀರ್ಮಾನಿಸಿದವರು ಕೊನೆಯ ವಾರದಲ್ಲಿ ಮಾತ್ರ "ದೇವರಿಟ್ಟಂತೆ ಆಗಲಿ" ಎಂದು ಕೈತೊಳೆದುಕೊಂಡರೆ ಉಳಿಯುವುದು ನಮ್ಮ ಪುಣ್ಯ, ಪ್ರಾಣಿಗೆ ಉಳಿಯುವುದು ನೋವು.

ಸಾವು ಕೊಡುವ ಕೆಲಸ ವೈದ್ಯರದೇ, ಮನೆಯಲ್ಲಿ ಮಾಡುವಂಥದ್ದಲ್ಲ. ಬಸವಕಲ್ಯಾಣ, ಹುಮನಾಬಾದಿನ ಪಶುವೈದ್ಯರಿಗೆ ದಿನವೂ ಎದುರಾಗುವುದು ಎಮ್ಮೆ, ಆಕಳು, ಆಡು–ಕುರಿ. ಬೀದರಿನ ನಂದಿನಗರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯವೇ ಇದೆ. ಇಷ್ಟು ಸಣ್ಣ ಪ್ರಾಣಿಗೆ ಅರಿವಳಿಕೆ ಕೊಡುವ ರೂಢಿ ಇದೆಯೇ, ಇಲ್ಲದಿದ್ದರೆ ನೋವಿಲ್ಲದ ಸಾವು ಕೊಡಬಲ್ಲಿರಾ ಎಂದು ಅದು ಇನ್ನೂ ಕಾಳು ತಿನ್ನುತ್ತಿರುವಾಗಲೇ ಫೋನ್ ಮಾಡಿ ಕೇಳಬೇಕು. ಮಕ್ಕಳೂ ಪಕ್ಕದಲ್ಲಿರಲಿ. ಪಂಜರ ಬೇಕೆಂದು ಹಟ ಹಿಡಿದವರು ಅವರೇ ತಾನೆ.