ಹರಿದ ಪಾದರಕ್ಷೆ ಮತ್ತು ಅಹಿಂಸಾಣುವ್ರತ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ವಸತಿ ಸಮುಚ್ಚಯಗಳಲ್ಲಿ ದಂಪತಿಗಳಿಬ್ಬರೂ ಬೆಳಿಗ್ಗೆ ಉದ್ಯೋಗಕ್ಕೆ ಹೊರಟರೆ ಮರಳುವುದು ರಾತ್ರಿಗೇ. ಅಷ್ಟರಲ್ಲಿ ಸಾಕುನಾಯಿ ಪಾದರಕ್ಷೆಯನ್ನೋ ಸೋಫಾವನ್ನೋ ಕಚ್ಚಿ ಹರಿದಿರುತ್ತದೆ. ಒಡನೆಯೇ ಏಟು, ಸರಪಳಿ, ಉಪವಾಸ. ಇದು ಧರ್ಮಸಮ್ಮತವೇ?

ಉಮಾಸ್ವಾತಿ ಆಚಾರ್ಯರ ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದೆ: ಕಟ್ಟುವುದು, ಹೊಡೆಯುವುದು, ಅಂಗಚ್ಛೇದ, ಅತಿಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಮೇಲಿನ ಮೂರು ಶಿಕ್ಷೆಗಳೂ ಇದರೊಳಗೇ ಬರುತ್ತವೆ. ದಿನವಿಡೀ ಬೀಗ ಹಾಕಿದ ಮನೆಯೂ ಬಂಧವೇ ಅಲ್ಲವೇ? ಸದಾ ಕಟ್ಟಿಯೋ ಕೂಡಿಯೋ ಇಟ್ಟ ನಾಯಿಗೆ ತಕ್ಕ ವ್ಯಾಯಾಮ ಕೊಡದಿರುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆಯೂ ಅಪರಾಧ.

ಸುಮಾರು 3ರಿಂದ 6 ತಿಂಗಳ ಮರಿ ಹಾಲುಹಲ್ಲು ಬಿದ್ದು ವಸಡು ನೋಯುವುದರಿಂದ ಕಚ್ಚುತ್ತದೆ. ಬೆಳೆದ ನಾಯಿ ಹೆಚ್ಚಾಗಿ ಒಂಟಿತನದಿಂದ, ಬೇಸರದಿಂದ. ಗಂಟೆಗಳ ಬಳಿಕ ಬಿದ್ದ ಏಟಿನ ಕಾರಣ ಅದಕ್ಕೆ ತಿಳಿಯದು, ಭಯವಷ್ಟೇ ಉಳಿಯುತ್ತದೆ. ಹಾಗೆಂದು ನಷ್ಟವನ್ನು ಸಹಿಸುತ್ತ ಕೂರಬೇಕಿಲ್ಲ. ಪಾದರಕ್ಷೆಗಳು ಕಪಾಟು ಸೇರಲಿ. ಕಚ್ಚಲು ಗಟ್ಟಿ ರಬ್ಬರಿನ ಆಟಿಕೆಯಿರಲಿ. ಎರಡು ಹೊತ್ತು ನಡಿಗೆ ತಪ್ಪದಿರಲಿ. ಹಗಲಲ್ಲೊಮ್ಮೆ ಯಾರಾದರೂ ಬಂದು ನೋಡಲಿ.

ಪಾದರಕ್ಷೆ ಪರಿಗ್ರಹ, ನಾಯಿ ಪಂಚೇಂದ್ರಿಯ ಜೀವ. ಇಷ್ಟಕ್ಕೂ ಬಿಡುವಿಲ್ಲದವರು ನಾಯಿಯನ್ನು ಮನೆಗೆ ತರದಿರುವುದೂ ಅಹಿಂಸೆಯೇ.